ಪಂಚಾಕ್ಷರಪ್ಪನವರು ತಲೆ ಎತ್ತುವವರೆಗೆ

ನನಗೆ ಜಾವಾ ಬರುತ್ತದೆ ಎಂದು ನಾನು ಹೇಳಿಕೊಳ್ಳುವುದು, ಅಡುಗೆ ಪುಸ್ತಕ ಓದಿ ಊಟವಾಯಿತು ಎಂದಂತೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದವನಿಗೆ ೧೯೯೯ರಲ್ಲಿ ಸಿಕ್ಕಿದ್ದು ಶಿಕಾರಿಪುರದ ಪಂಚಾಕ್ಷರಪ್ಪನವರ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ. ಅವರು ಸೊರಬದಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅಲ್ಲಿನ ಮ್ಯಾನೇಜರ್ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು.

ಪಂಚಾಕ್ಷರಪ್ಪನವರ ವಿಷಯ ತಲೆಯಿಂದಲೇ ಶುರುವಾಗಬೇಕು. ಒಳಗಿನದ್ದಲ್ಲ, ಹೊರಗಿನದ್ದು. ಅದು ಸದಾ ಪೇಪರಿನ ಮೇಲೆ ಬಗ್ಗಿರುತ್ತಿತ್ತು. ಅದು ಮೇಲೇಳುವವರೆಗೆ ಗಿರಾಕಿ ಬಾಯಿ ಬಿಡುವಂತಿಲ್ಲ. ಒಬ್ಬ ಮೆಟ್ಟಿಲಿಳಿದ ಮೇಲೇ ಇನ್ನೊಬ್ಬನ ಸರದಿ. ಅವರಪ್ಪನ ಕಾಲದ ರಿವಾಜು. ನಡುವೆ ಯಾರಾದರೂ ಕೆಮ್ಮಿದರೆ, "ಅದಕ್ಕೂ ಔಷಧಿ ಐತ್ರೀ, ತಡೀರಿ" ಎಂದು ಗದರುತ್ತಿದ್ದರು.

ಇಂಥವರಿಗೆ ಕಂಪ್ಯೂಟರ್ ಹುಚ್ಚು ಹತ್ತಿತು. ಗಿರಾಕಿಗಳಿಗೆ ಹೊರಗೆ ಎರಡು, ಒಳಗೆ ಸರ್ವರ್ ಒಂದು. ಗಿರಾಕಿ ತನ್ನ ಬೆಳೆ ಆರಿಸಿ ಸಲಹೆ ಕೇಳಿದರೆ ಕೋರಿಕೆ ಒಳಗೆ ಹೋಗಬೇಕು. ಅಲ್ಲಿ ನಾನು ಬರೆದ ಸರ್ವ್ಲೆಟ್ ಎಂಬ ಜಾವಾ ಪ್ರೋಗ್ರಾಮು ಅದನ್ನು ಓದಿ, ಉತ್ತರ ಹುಡುಕಿ, ಕೇಳಿದವರ ಪರದೆಗೆ ಕಳಿಸಬೇಕು. ಎಷ್ಟು ಜನ ಒಟ್ಟಿಗೆ ಕೇಳಿದರೂ ಎಲ್ಲರಿಗೂ ಅದೊಂದೇ ಸರ್ವ್ಲೆಟ್. ಆದ್ದರಿಂದ ಅದು ಒಬ್ಬೊಬ್ಬರ ಬೆಳೆಯನ್ನೂ ಬೇರೆ ಬೇರೆಯಾಗಿ ನೆನಪಿಡಬೇಕು. ನಾನು ಎಲ್ಲರಿಗೂ ಸೇರಿ ಒಂದೇ ಜಾಗ ಇಟ್ಟಿದ್ದೆ. ಆ ಅಂಗಡಿಯಲ್ಲಿ ಇಬ್ಬರು ಒಟ್ಟಿಗೆ ಕೇಳಿದ್ದನ್ನು ನಾನು ಕಂಡಿದ್ದರೆ ತಾನೆ!

ಕಂಪ್ಯೂಟರುಗಳ ಉದ್ಘಾಟನೆಯ ದಿನ ಒಂದರ ಮುಂದೆ ಅಂಜನಾಪುರದ ಹೂವಮ್ಮ, ಭತ್ತದವರು. ಇನ್ನೊಂದರ ಮುಂದೆ ಸೊರಬದ ಮುಬಾರಕ್, ಶುಂಠಿ ಹಾಕಿದವರು. ಇಬ್ಬರೂ ಒಟ್ಟಿಗೇ ಗುಂಡಿ ಒತ್ತಿದರು. ಗದರಲು ಯಂತ್ರಕ್ಕೆ ಬರುವುದಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಮುಬಾರಕರ ಶುಂಠಿ ಹೂವಮ್ಮನ ಭತ್ತವನ್ನು ಅಳಿಸಿ ಆ ಜಾಗದಲ್ಲಿ ಕೂತಿತು. ಎರಡೂ ಪರದೆಯಲ್ಲಿ ಒಂದೇ ಉತ್ತರ: "ಬುಡದಲ್ಲಿ ನೀರು ನಿಲ್ಲದಂತೆ ಬಸಿದುಬಿಡಿ."

"ಕಾಲುವೆ ನೀರು ಬಂದಿದ್ದೇ ಮೊನ್ನೆ! ಬಸಿದು ಬತ್ತಾನ ಒಣಗಿಸ್ಲೇನ್ರೀ ಯಜಮಾನ್ರೆ?" ಎಂದರು ಹೂವಮ್ಮ.

"ನೀವೂ ಶುಂಠಿ ಹಾಕ್ಬಿಡಿ ಹೂವಮ್ಮಾರೆ, ಉತ್ತರ ಸರಿಹೋಗ್ತದೆ," ಎಂದರು ಮುಬಾರಕ್.

ಸೇರಿದ್ದವರೆಲ್ಲ ನಕ್ಕರು. ಕುರ್ಚಿ ಹೋಯಿತು ಎಂದುಕೊಂಡೆ. "ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಜಾಗ ಬದಲಿಸಿದ್ರೆ ಸರಿಹೋಗ್ತದೆ ಸರ್," ಎಂದು ತೊದಲಿದೆ.

ಪಂಚಾಕ್ಷರಪ್ಪನವರು ಪರದೆಯನ್ನೇ ಪ್ರೀತಿಯಿಂದ ನೋಡಿದರು. "ಮುಟ್ಟಬ್ಯಾಡ ತಮ್ಮಾ. ಪ್ರೋಗ್ರಾಮು ನನ್ನಂಗೇ ಐತೆ. ಶಿಸ್ತಿಲ್ಲದಿರೋದು ಜನಕ್ಕೆ."

ಕುರ್ಚಿ ಸಿಕ್ಕಿತು, ಅದರ ಜೊತೆ ಅದೇ ಪ್ರೋಗ್ರಾಮೂ. ಸೊರಬದಲ್ಲಿ ಈಗ ನನ್ನ ಮ್ಯಾನೇಜರಿಕೆ ಎಂದರೆ, ಒಬ್ಬರು ಗುಂಡಿ ಒತ್ತುವಾಗ ಇನ್ನೊಬ್ಬರ ಕೈ ತಡೆಯುವುದು. ನಿನ್ನೆ ಯಾರೋ ಹಿಂದಿನಿಂದ ಕೆಮ್ಮಿದರು.

"ತಡೀರಿ," ಎಂದೆ, ತಲೆ ಎತ್ತದೆ.