ಹಲ್ಲಲ್ಲಿ ಕೋಲು ಕಚ್ಚಿ ಇಂಜಿನ್ ಕೇಳುವ ಅಸ್ಸೂ ಮೇಸ್ತ್ರಿ

ತಮ್ದ ಪೇಟೆಯ ಚಹಾದಂಗಡಿ ಇನ್ನೂ ಬಾಗಿಲು ತೆರೆದಿಲ್ಲ. ಅಟ್ಲಾಸ್ ಬೆಟ್ಟದ ನೆತ್ತಿಯಲ್ಲಿ ಉಳಿದ ಹಿಮಕ್ಕೆ ಈಗಷ್ಟೇ ಬೆಳಕು ತಾಗುತ್ತಿದೆ. ಪೇಟೆಯ ಕೊನೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ಒಂದು ಕೆಂಪು ಲಾರಿ ಮೈಯೆಲ್ಲ ನಡುಗಿಸಿಕೊಂಡು ನಿಂತಿದೆ. ತೆರೆದ ಬಾನೆಟ್ಟಿನೊಳಗೆ ಬಗ್ಗಿರುವ ಮುದುಕರೊಬ್ಬರು ಮೊಳದುದ್ದದ ಆಲಿವ್ ಕೋಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿದ್ದಾರೆ, ಇನ್ನೊಂದು ತುದಿಯನ್ನು ಇಂಜಿನ್ನಿಗೆ ಒತ್ತಿದ್ದಾರೆ, ಕಣ್ಣು ಮುಚ್ಚಿದ್ದಾರೆ. ಹೊಸಬರು ಕಂಡರೆ, ಹಸಿವು ತಾಳಲಾರದೆ ಲಾರಿಯನ್ನೇ ತಿನ್ನಲು ಹೊರಟಿದ್ದಾರೇನೋ ಎಂದುಕೊಳ್ಳಬೇಕು.

ಇವರೇ ಅಸ್ಸೂ ಮೇಸ್ತ್ರಿ. ಬದುಕೆಲ್ಲ ಡೀಸೆಲ್ ಇಂಜಿನ್ನುಗಳ ಪಕ್ಕದಲ್ಲೇ ಕಳೆದದ್ದರಿಂದ ಕಿವಿ ಮಂದವಾಗಿದೆ. ಪಕ್ಕದಲ್ಲಿ ನಿಂತು ಕೂಗಿದರೂ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಆದರೆ ಕೋಲು ಕಚ್ಚಿದರೆ ಸಾಕು, ಇಂಜಿನ್ನಿನ ಸಣ್ಣ ಸದ್ದು ಕೂಡ ದವಡೆಯ ಮೂಳೆ ಹಿಡಿದು ನೇರ ತಲೆಗೆ ಹೋಗುತ್ತದೆ. ಕೋಲಿನ ತುದಿಯಲ್ಲಿ ಹಲ್ಲಿನ ಗುರುತು ಕುಳಿಬಿದ್ದಿದೆ. ಹೆಂಡತಿ ವರ್ಷಕ್ಕೊಂದು ಹೊಸ ಕೋಲು ಕೆತ್ತಿಕೊಡುತ್ತಾರಂತೆ, ಮೇಸ್ತ್ರಿ ಅದನ್ನು ಮುಟ್ಟುವುದಿಲ್ಲವಂತೆ.

"ಮನುಷ್ಯರು ಆಡಿದ್ದು ಅರ್ಧ ಕೇಳಿಸ್ತದೆ, ಅಷ್ಟೇ ಸಾಕು. ಇಂಜಿನ್ನು ಆಡಿದ್ದು ಪೂರ್ತಿ ಕೇಳಿಸ್ಬೇಕು. ಅದು ಸುಳ್ಳು ಹೇಳೋದಿಲ್ಲ ನೋಡಿ," ಎನ್ನುತ್ತಾರೆ.

ಲಾರಿಯ ಮಾಲೀಕ, ಚಾಲಕ ಎರಡೂ ಆದ ಸೆಕ್ಕು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾನೆ. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಒಮ್ಮೆ ಒಳಗೆ ನೋಡುತ್ತಾನೆ, ಒಮ್ಮೆ ಹೊರಗೆ. ಅವನ ಲಾರಿ ಚಳಿಗಾಲದಿಂದೀಚೆಗೆ ಡೀಸೆಲ್ಲಿಗಿಂತ ಆಯಿಲ್ಲನ್ನೇ ಹೆಚ್ಚು ಕುಡಿಯುತ್ತಿದೆ. ಏರಿನಲ್ಲಿ ನೀಲಿ ಹೊಗೆ ಬಿಡುತ್ತದೆ, ಸೇತುವೆ ದಾಟಿದ ಮೇಲೆ ಮೊದಲ ಗೇರಿನಲ್ಲೂ ಏದುಸಿರು. ಐತ್ ವಗ್ಗಾಗ್ ಕಣಿವೆಯ ಕೊನೆಯ ಹಳ್ಳಿಯವರೆಗೆ ಹತ್ತುವುದು ಇದೊಂದೇ ಲಾರಿ. ಹಿಟ್ಟು, ಗ್ಯಾಸಿನ ಸಿಲಿಂಡರು ಹೋಗುವುದು ಇದರಲ್ಲಿ. ಕುರಿ, ಮನುಷ್ಯರು, ಹೊಸ ಮದುಮಗಳು ಬರುವುದೂ ಇದರಲ್ಲೇ. ಇದು ನಿಂತರೆ ಕಣಿವೆಗೆ ಮತ್ತೆ ಹೇಸರಗತ್ತೆಯ ಕಾಲ.

ಅಸ್ಸೂ ಕೋಲು ತೆಗೆದು ಆಯಿಲ್ ಹುಯ್ಯುವ ಮುಚ್ಚಳ ಬಿಚ್ಚುತ್ತಾರೆ. ಅಲ್ಲಿಂದ ಬುಸಬುಸನೆ ಹೊಗೆ ಏಳುತ್ತದೆ. ಅಂಗೈ ಅಡ್ಡ ಹಿಡಿದು, ಮೂಸಿ, ಇಂಜಿನ್ ನಿಲ್ಲಿಸುವಂತೆ ಸನ್ನೆ ಮಾಡುತ್ತಾರೆ. ಇಂಜಿನ್ ಕೆಲಸಕ್ಕೆ ಬಂದಿದೆ, ಅಂದರೆ ಒಳಗೆಲ್ಲ ಸವೆದು ಬಿಚ್ಚಲೇಬೇಕಾಗಿದೆ, ಇನ್ನು ಮುಂದೂಡುವ ಹಾಗಿಲ್ಲ. ಸೆಕ್ಕುವಿಗೆ ಅದು ಗೊತ್ತಿದ್ದದ್ದೇ. ತೀರ್ಮಾನವಾಗದೆ ಅವನ ನಿದ್ದೆ ಕೆಡಿಸಿರುವುದು ಮುಂದಿನ ಮಾತು: ಇದೇ ಇಂಜಿನ್ನನ್ನು ಬಿಚ್ಚಿ ಕಟ್ಟಿಸುವುದೋ, ಕಿತ್ತುಹಾಕಿ ಬೇರೆಯದನ್ನು ಕೂರಿಸುವುದೋ.

ಬೇರೆ ಇಂಜಿನ್ ದೂರವೇನಿಲ್ಲ, ಶೆಡ್ಡಿನ ಮೂಲೆಯಲ್ಲೇ ಕೂತಿದೆ. ಕರಾವಳಿಯ ಗುಜರಿ ವ್ಯಾಪಾರಿ ಹಡಗಿನಿಂದ ಇಳಿದದ್ದನ್ನು ತಂದು ಇಳಿಸಿ ಹೋಗಿದ್ದಾನೆ. ಇಂಥ ಕಥೆಗಳಲ್ಲಿ ಗುಜರಿಯವನು ಮೋಸಗಾರನಾಗಿರಬೇಕು, ಇಲ್ಲಿ ಹಾಗಾಗಿಲ್ಲ. ಅಸ್ಸೂ ಅದನ್ನೂ ಓಡಿಸಿ, ಕೋಲು ಕಚ್ಚಿ ಕೇಳಿದ್ದಾರೆ. ಒಳ್ಳೆಯ ಇಂಜಿನ್ನು. ಕೂರಿಸಿದರೆ ಎರಡು ದಿನದಲ್ಲಿ ಲಾರಿ ರಸ್ತೆಗೆ ಇಳಿಯುತ್ತದೆ. ಹಳೆಯದನ್ನು ಕಟ್ಟಲು ವಾರಗಳೇ ಬೇಕು. ಇಷ್ಟನ್ನೂ ಅವರು ಸೆಕ್ಕುವಿಗೆ ಮುಚ್ಚುಮರೆಯಿಲ್ಲದೆ ಹೇಳಿ, ನಿನ್ನ ಇಷ್ಟ ಎಂದು ಚಹಾಕ್ಕೆ ನೀರಿಡಲು ಹೋಗಿದ್ದಾರೆ.

ಹಾಗಿದ್ದರೆ ಸೆಕ್ಕು ಯಾಕೆ ಒದ್ದಾಡುತ್ತಿದ್ದಾನೆ? ಅದಕ್ಕೆ ಪಕ್ಕದ ಕಣಿವೆಯ ಇಶ್ಶು ಕಾರಣ.

ಈ ಬೆಟ್ಟಗಳಲ್ಲಿ ಲಾರಿಗೆ ಹೊತ್ತುಗೊತ್ತಿಲ್ಲ. ಹೆಂಗಸರು ಕಾಯುವುದು ಗಡಿಯಾರ ನೋಡಿ ಅಲ್ಲ, ಸದ್ದು ಕೇಳಿ. ಕೆಳಗೆ ಎರಡನೇ ತಿರುವಿನಲ್ಲಿ ಲಾರಿ ಕೆಮ್ಮಿತೆಂದರೆ ಮೇಲೆ ಮಣ್ಣಿನ ಒಲೆಗೆ ರೊಟ್ಟಿ ಬೀಳುತ್ತದೆ. ಲಾರಿ ಹತ್ತಿ ಬರುವಷ್ಟರಲ್ಲಿ ರೊಟ್ಟಿ ಬೆಂದಿರುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಸ್ತೆಗೆ ಇಳಿದರೆ ಪ್ರಯಾಣಕ್ಕೆ ಸಿದ್ಧ. ಪ್ರತಿ ಕಣಿವೆಗೂ ತನ್ನ ಲಾರಿಯ ಸದ್ದು ತನ್ನ ಮನೆಯವರ ಕೆಮ್ಮಿನಷ್ಟೇ ಪರಿಚಯ. ಇಶ್ಶು ಇದನ್ನೆಲ್ಲ ಯೋಚಿಸದೆ, ನುಣ್ಣಗೆ ಓಡುವ ಬೇರೆ ಇಂಜಿನ್ ಕೂರಿಸಿಕೊಂಡು ಸಂತೆಯ ದಿನ ಬೆಟ್ಟ ಹತ್ತಿದ. ಹೆಂಗಸರಿಗೆ ಕೇಳಿದ್ದು ಗುರುತಿಲ್ಲದ ಗಾಡಿ. ಅವರು ಅದನ್ನು ಅರಣ್ಯ ಇಲಾಖೆಯವರ ಗಾಡಿಯೆಂದು ತಿಳಿದರು. ಸೌದೆ ಹೇರಿದ್ದ ಕತ್ತೆಗಳನ್ನು ಎಳೆದುಕೊಂಡು ಊರಿಗೆ ಊರೇ ಹಳ್ಳದೊಳಗೆ ಅಡಗಿ ಕೂತಿತು. ಇಶ್ಶು ಹಾರ್ನ್ ಹೊಡೆದಷ್ಟೂ ಅವರು ಇನ್ನೂ ಒಳಕ್ಕೆ ಸರಿದರು. ಖಾಲಿ ಲಾರಿಯೊಂದಿಗೆ ಸಂತೆಗೆ ಬಂದ ಅವನ ಮುಖ ನೋಡಲು ತಮ್ದ ಪೇಟೆಯ ಜನ ಅಂಗಡಿ ಬಿಟ್ಟು ಬಂದಿದ್ದರು. ಇವತ್ತಿಗೂ ಅವನನ್ನು ಕರೆಯುವುದು ಗಾರ್ಡು ಇಶ್ಶು ಎಂದೇ.

"ನಂಗೂ ಒಂದು ಹೆಸರು ಕಟ್ತಾರೆ ಮೇಸ್ತ್ರೀ, ಅದು ಬೇಕಾದ್ರೆ ಕಟ್ಲಿ," ಎನ್ನುತ್ತಾನೆ ಸೆಕ್ಕು. "ಆದ್ರೆ ನಮ್ಮ ಲಾರಿ ಬಂತು ಅಂತ ಮೇಲಿನವರಿಗೆ ಗೊತ್ತಾಗ್ದೇ ಹೋದ್ರೆ ಹತ್ತಿ ಏನು ಪ್ರಯೋಜನ? ನೀವೇ ಹೇಳಿ, ಏನ್ ಮಾಡ್ಲಿ?"

ಅಸ್ಸೂ ಗ್ಲಾಸಿಗೆ ಎತ್ತರದಿಂದ ಚಹಾ ಸುರಿಯುತ್ತ ಹೇಳುತ್ತಾರೆ: "ನಾನ್ ಹೇಳೋದಲ್ಲ, ಬ್ಲಾಕ್ ಹೇಳ್ಬೇಕು, ಇಂಜಿನ್ನಿನ ಎಲ್ಲಾನೂ ಹೊತ್ತಿರೋ ಎರಕದ ಮೈ ಅದು. ಬ್ಲಾಕ್ ಬಿರುಕು ಬಿಟ್ಟಿದ್ರೆ ಕಣ್ಣೀರು ಹಾಕ್ಬೇಡ, ಮೂಲೇಲಿರೋದನ್ನ ಕೂರಿಸೋಣ. ಬಿಟ್ಟಿಲ್ದಿದ್ರೆ ಇದಕ್ಕಿನ್ನೂ ಆಯಸ್ಸಿದೆ."

ಅಸ್ಸೂ ಹುಟ್ಟಿದ್ದು ಹೇಸರಗತ್ತೆ ಹೊಡೆಯುವವರ ಮನೆಯಲ್ಲಿ. ಅಪ್ಪ ಉಪ್ಪಿನ ಮೂಟೆ ಹೇರಿಕೊಂಡು ಇದೇ ಬೆಟ್ಟ ಹತ್ತಿಳಿದವರು. ಕಣಿವೆಗೆ ಮೊದಲ ಲಾರಿ ಬಂದಾಗ ಅಪ್ಪನ ಕಸುಬು ಹೋಯಿತು. ಮಗ ಸಿಟ್ಟು ಮಾಡಿಕೊಳ್ಳುವ ಬದಲು ಆ ಲಾರಿಯ ಹಿಂದೆಯೇ ಪೇಟೆಗೆ ಬಂದು ಈ ಶೆಡ್ಡಿನಲ್ಲಿ ಪಾನಾ ಹಿಡಿದು ರಿಪೇರಿ ಕಲಿತರು. ಕೆಲಸ ಕಲಿಸಿದ ಹಳೇ ಮೇಸ್ತ್ರಿ ಬಾಯಿಬಡುಕರಾಗಿದ್ದರು, ಕೈ ಮಾತ್ರ ಮೆತ್ತಗಿತ್ತು ಎಂದು ನೆನೆಯುತ್ತಾರೆ. ಬೇಸಗೆಯಲ್ಲಿ ತಗಡು ಕಾಯುತ್ತದೆ, ಚಳಿಗಾಲದಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತದೆ. ಬೆನ್ನು ಬಾಗಿದೆ, ಬೆರಳಿನ ಗೆಣ್ಣುಗಳು ಊದಿವೆ. ಸುತ್ತಲಿನ ನಾಲ್ಕು ಕಣಿವೆಗಳ ಲಾರಿಗಳು ಇವರ ಕೈಯಿಂದಲೇ ಬೆಟ್ಟ ಹತ್ತುತ್ತವೆ, ಆದರೆ ಶೆಡ್ಡಿಗೆ ಇವತ್ತಿಗೂ ಒಂದು ಬೋರ್ಡಿಲ್ಲ.

ಇಂಜಿನ್ ಇಳಿಸುವ ದಿನ ಮಾತ್ರ ಶೆಡ್ಡಿನಲ್ಲಿ ಹಬ್ಬದ ಕಳೆ. ಐತ್ ವಗ್ಗಾಗಿನವರು ಒಬ್ಬರ ಗೋಡೆ ಬಿದ್ದರೆ ಎಲ್ಲರೂ ಮುಯ್ಯಾಳಾಗಿ ಬರುವ ಜನ. ಲಾರಿಯೂ ಬಿದ್ದ ಗೋಡೆಯೇ ಎಂದುಕೊಂಡು ಹೇಸರಗತ್ತೆ ಏರಿ ಇಳಿದು ಬಂದಿದ್ದಾರೆ. ಜತೆಗೆ ಬೆಣ್ಣೆ, ಮೊಟ್ಟೆ, ಒಂದು ಜೀವಂತ ಹುಂಜ. ಹಗ್ಗ ಕಟ್ಟಿ, ಹಾಡುತ್ತ, ಇಂಜಿನ್ನನ್ನು ಇಳಿಸುತ್ತಾರೆ. ಮೇಲಿನ ಹೆಡ್ಡು ಬಿಚ್ಚಿದಾಗ, ಪಿಸ್ಟನ್ ಆಡುವ ಕೊಳವೆಯಾದ ಲೈನರಿನ ಮೇಲಂಚಿಗೆ ಅಸ್ಸೂ ಉಗುರು ತಾಗಿಸುತ್ತಾರೆ, ಉಗುರು ಸಿಕ್ಕಿಬೀಳುತ್ತದೆ. ಅಷ್ಟು ಸವೆದಿದೆ. ಲೈನರು, ಪಿಸ್ಟನ್ನು, ರಿಂಗು ಎಲ್ಲ ಹೊಸದಾಗಬೇಕು, ಕ್ರ್ಯಾಂಕು ಅರೆಸಿಕೊಳ್ಳಲು ನಗರದ ಲೇತಿಗೆ ಹೋಗಬೇಕು. ಅದೆಲ್ಲ ಆಗುವ ಕೆಲಸ. ಆಗದ ಕೆಲಸ ಒಂದೇ, ಬಿರುಕು.

ಬ್ಲಾಕನ್ನು ತೊಳೆದು ಒಣಗಿಸಿ ಸೀಮೆಎಣ್ಣೆ ಬಳಿಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಬರೆಯುತ್ತದೆ. ಎಲ್ಲರೂ ಬಗ್ಗಿ ನೋಡುತ್ತಾರೆ. ಸೆಕ್ಕು ಎಲ್ಲರಿಗಿಂತ ಹೆಚ್ಚು ಬಗ್ಗಿದ್ದಾನೆ.

ಮೂರನೇ ಪಿಸ್ಟನ್ನಿನ ತೂತಿನ ಪಕ್ಕ ಒಂದು ಕಪ್ಪು ಗೆರೆ ಇದೆ.

ಸೆಕ್ಕು ನಿಂತಲ್ಲೇ ಕುಸಿದು ಕೂರುತ್ತಾನೆ. ಯಾರೋ ಅವನ ಹೆಗಲ ಮೇಲೆ ಕೈಯಿಡುತ್ತಾರೆ, ಹುಂಜ ಕೂಡ ಸುಮ್ಮನಾಗುತ್ತದೆ. ಅಸ್ಸೂ ಕನ್ನಡಕ ಹುಡುಕಿ ಹಾಕಿಕೊಂಡು, ಹತ್ತಿರ ಹೋಗಿ, ಬಾಯಿಂದ ಉಫ್ ಎಂದು ಊದುತ್ತಾರೆ. ಗೆರೆ ಹಾರಿಹೋಗುತ್ತದೆ. ಅದು ಸೆಕ್ಕುವಿನ ನಿಲುವಂಗಿಯಿಂದ ಉದುರಿದ ಕರಿ ಉಣ್ಣೆಯ ಎಳೆ.

"ಲಾರಿಗೆ ಏನೂ ಆಗಿಲ್ಲ ಕಣೋ," ಎನ್ನುತ್ತಾರೆ ಅಸ್ಸೂ. "ನಿನ್ನ ನಿಲುವಂಗಿ ಕೆಲಸಕ್ಕೆ ಬಂದಿದೆ. ಅದನ್ನ ಬದಲಾಯ್ಸು."

ನಕ್ಕು ನಕ್ಕು ಕೆಲವರು ನೆಲಕ್ಕೆ ಕೂತರು. ಸೆಕ್ಕು ಅಳುತ್ತಲೇ ನಗುತ್ತಿದ್ದ. ಹುಂಜಕ್ಕೆ ಆ ಮಧ್ಯಾಹ್ನವೇ ಗತಿ ಕಾಣಿಸಲಾಯಿತು.

ಕಟ್ಟುವ ಕೆಲಸ ಮುಗಿಯುವಷ್ಟರಲ್ಲಿ ಬೆಟ್ಟದ ಬಾದಾಮಿ ಹೂವೆಲ್ಲ ಉದುರಿದೆ. ಮೇಸ್ತ್ರಿಯಾದವರು ಕಟ್ಟಿದ ಇಂಜಿನ್ನಿನ ಮೊದಲ ಏರಿಗೆ ಲಾರಿಯಲ್ಲೇ ಕೂರಬೇಕು, ಇದು ಇಲ್ಲಿಯ ಪದ್ಧತಿ. ದಾರಿಯಲ್ಲಿ ಕೈಕೊಟ್ಟರೆ ಇಳಿದು ತಳ್ಳುವವರಲ್ಲಿ ಅವರೇ ಮೊದಲಿಗರು. ಬುಧವಾರ ಬೆಳಿಗ್ಗೆ ಅಸ್ಸೂ ಸೆಕ್ಕುವಿನ ಪಕ್ಕ ಕೂತು, ಕೋಲನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಕಚ್ಚಿದ್ದಾರೆ. ಲಾರಿ ಸೇತುವೆ ದಾಟಿ ಏರು ಹಿಡಿಯುತ್ತದೆ. ಹಿಂದೆ ಹೊಗೆಯಿಲ್ಲ, ಏದುಸಿರಿಲ್ಲ. ಎರಡನೇ ತಿರುವು ಬರುತ್ತದೆ. ಕೆಮ್ಮೂ ಇಲ್ಲ.

ಸೆಕ್ಕು ತಲೆ ಹೊರಗೆ ಹಾಕಿ ಮೇಲೆ ನೋಡುತ್ತಾನೆ. ಹಳ್ಳಿಯ ಒಂದು ಒಲೆಯಿಂದಲೂ ಹೊಗೆ ಏಳುತ್ತಿಲ್ಲ. ಕೆಮ್ಮನ್ನು ಕೂಡ ರಿಪೇರಿ ಮಾಡಿಬಿಟ್ಟಿರಲ್ಲ ಮೇಸ್ತ್ರೀ ಎಂದು ಕಿವಿಯ ಹತ್ತಿರ ಕೂಗುತ್ತಾನೆ. ಅಸ್ಸೂ ಕೋಲು ಬಾಯಿಂದ ತೆಗೆಯುವುದಿಲ್ಲ, ಆದರೆ ಹಣೆಯಲ್ಲಿ ಬೆವರಿದೆ. ಇಷ್ಟೆಲ್ಲ ಮಾಡಿ ಕಣಿವೆಗೆ ಗುರುತು ಸಿಗದ ಲಾರಿ ಕಟ್ಟಿಕೊಟ್ಟೆನೇ ಎಂಬ ಸಂಕಟ ಅವರನ್ನು ಕೊನೆಯ ತಿರುವಿನವರೆಗೂ ಬಿಡಲಿಲ್ಲವಂತೆ.

ಕೊನೆಯ ತಿರುವು ತಿರುಗಿದರೆ ಇಡೀ ಹಳ್ಳಿ ರಸ್ತೆಯಲ್ಲಿದೆ. ಎಲ್ಲರ ಕಂಕುಳಲ್ಲೂ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಮುಂದೆ ನಿಂತವರು ತುದಾ ಅಜ್ಜಿ, ಊರಿಗೆಲ್ಲ ಹಿರಿಯರು. ಸೊಂಟದ ಮೇಲೆ ಕೈ.

"ಸೇತುವೇಲೇ ಕೇಳಿಸ್ತು ಕಣೋ ಸೆಕ್ಕು," ಎನ್ನುತ್ತಾರೆ ಅಜ್ಜಿ. "ಮೊದಲು ಮುದುಕನ ಹಾಗೆ ಬರ್ತಿತ್ತು, ಈಗ ಮದುವೇಗೆ ಹೊರಟವನ ಹಾಗೆ ಎದೆ ತುಂಬಿ ಬಂತು. ಗೊತ್ತಾಗದೆ ಏನು? ದನಿ ಅದೇ. ರೊಟ್ಟಿ ಬೆಂದು, ಒಲೆ ಆರಿ, ಕಾಯ್ತಾ ಇದೀವಿ. ದಾರೀಲಿ ನಿದ್ದೆ ಮಾಡಿದ್ಯಾ?"

ಆ ದಿನ ಲಾರಿ ಇಳಿಯುವಾಗ ಅಸ್ಸೂ ಹತ್ತಲಿಲ್ಲ. ಬದುಕೆಲ್ಲ ಇಂಜಿನ್ನುಗಳ ಪಕ್ಕದಲ್ಲೇ ನಿಂತವರು, ಮೇಲಿನಿಂದ, ದೂರದಿಂದ ತಮ್ಮ ಕೆಲಸ ಹೇಗೆ ಕೇಳಿಸುತ್ತದೆಂದು ಒಮ್ಮೆಯೂ ಕೇಳಿದವರಲ್ಲ. ಅದೊಂದು ಆಸೆ ಇತ್ತು ಎಂದು ನಾಚುತ್ತ ಹೇಳಿದರಂತೆ. ಮಂದಗಿವಿಗೆ ಕೇಳುವುದುಂಟೇ ಎಂದು ಯಾರೂ ಅನ್ನಲಿಲ್ಲ. ತುದಾ ಅಜ್ಜಿ ಜಮಖಾನೆ ಹಾಸಿಕೊಟ್ಟರು.

ಗುರುವಾರ, ಸಂತೆಯ ದಿನ. ಬೆಳಕು ಹರಿಯುವ ಹೊತ್ತಿಗೆ ಅಸ್ಸೂ ಒಲೆಯ ಪಕ್ಕ ಕಣಿವೆಗೆ ಮುಖಮಾಡಿ ಕೂತಿದ್ದಾರೆ. ಕೋಲು ಜೇಬಿನಲ್ಲಿದೆ, ಇಲ್ಲಿ ಅದನ್ನು ಒತ್ತಲು ಏನೂ ಇಲ್ಲ. ಕೈಯನ್ನು ಕಿವಿಗೆ ಅಡ್ಡ ಹಿಡಿಯುತ್ತಾರೆ. ಏನೂ ಇಲ್ಲ. ಎದ್ದು ನಿಂತು ನೋಡುತ್ತಾರೆ, ಮತ್ತೆ ಕೂರುತ್ತಾರೆ. ತುದಾ ಅಜ್ಜಿ ಸೊಸೆಯ ಅಡುಗೆಯನ್ನು ದೂರುತ್ತಿದ್ದಾರೆ. ಮಾತಿನ ನಡುವೆ ಅಜ್ಜಿ ಥಟ್ಟನೆ ನಿಲ್ಲುತ್ತಾರೆ. ತಲೆ ಸ್ವಲ್ಪ ವಾಲುತ್ತದೆ. ಹಿಟ್ಟಿನ ಉಂಡೆಯೊಂದನ್ನು ಎತ್ತಿ ಅಂಗೈಯಲ್ಲಿ ತಟ್ಟಿ ಒಲೆಯ ಗೋಡೆಗೆ ಬಡಿಯುತ್ತಾರೆ. ಪಕ್ಕದ ಮನೆಯ ಒಲೆಯಿಂದಲೂ ಹೊಗೆ ಏಳುತ್ತದೆ, ಅದರಾಚೆಯದರಿಂದಲೂ.

ಅಸ್ಸೂ ಮೇಸ್ತ್ರಿ ಕಿವಿಯಿಂದ ಕೈ ಇಳಿಸುತ್ತಾರೆ. ಅಜ್ಜಿಯ ಕೈಯನ್ನೇ ನೋಡುತ್ತಾರೆ, ಊರ ತುಂಬ ಏಳುತ್ತಿರುವ ಹೊಗೆಯನ್ನು ನೋಡುತ್ತಾರೆ. ಮುಖವೆಲ್ಲ ನಗು.

"ಹಾಂ," ಎನ್ನುತ್ತಾರೆ, "ಈಗ ಕೇಳಿಸ್ತು."