ಸ್ವರ್ಣಲತಾ ಮಿಸ್ ಹಾಕಿದ ರೈಟು

ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೊಳೆನರಸೀಪುರದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಸ್ವರ್ಣಲತಾ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದರು. ಹನ್ನೊಂದು ವರ್ಷವೂ ಅತಿಥಿ ಶಿಕ್ಷಕಿಯೇ. ಪ್ರತಿ ಜೂನ್‌ನಲ್ಲಿ ಹೆಡ್‌ಮಾಸ್ಟರ್ ಗೌರೀಶಂಕರ ಅವರ ಸಹಿ ಬಿದ್ದರೆ ಕೆಲಸ, ಬೀಳದಿದ್ದರೆ ಮನೆ. ಹಾಸಿಗೆ ಹಿಡಿದ ಅಪ್ಪ ಮರಿಯಣ್ಣನಿಗೆ ಗಂಜಿ ಕುಡಿಸಿ, ಸಾಲಗಾಮೆಯಿಂದ ಎರಡು ಬಸ್ಸು ಹತ್ತಿ, ಆಕೆ ಒಂಬತ್ತೂವರೆಗೆ ಉಳಿದ ಟೀಚರುಗಳಾದ ನಮಗಿಂತ ಮೊದಲೇ ಬಂದಿರುತ್ತಿದ್ದರು.

ಗೈಡು ನೋಡಿ ಉರು ಹೊಡೆದವರಿಗೆ ಆಕೆ ಸೊನ್ನೆ ಕೊಡುತ್ತಿದ್ದರು. ಯಾವ ಪದ ಕಲಿತರೂ ಮಕ್ಕಳು ತಮ್ಮದೇ ದಿನದ ಸಂಗತಿಯೊಂದನ್ನು ಆ ಪದದಲ್ಲಿ ಬರೆಯಬೇಕು, ಇದು ಆಕೆಯ ಹಟ. ಕಳೆದ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಗೆ ‘ಪುಟ್ ಅಪ್ ವಿತ್’ ಹೇಳಿಕೊಡುತ್ತಿದ್ದುದು ಸ್ಟಾಫ್ ರೂಮಿಗೂ ಕೇಳಿಸಿತು.

“ಸಹಿಸ್ಕೊಳ್ಳೋದು ಅಂತ ಬರ್ಕೊಂಡು ಸುಮ್ನಾಗ್ಬ್ಯಾಡಿ. ಇಷ್ಟ ಇರೋದನ್ನ ಯಾರೂ ಪುಟ್ ಅಪ್ ವಿತ್ ಮಾಡಲ್ಲ. ಬ್ಯಾಡ ಅನ್ನಿಸ್ತಿರ್ತದೆ, ಕಿರಿಕಿರಿ ಆಯ್ತಿರ್ತದೆ, ಆದ್ರೂ ಬಾಯ್ ಮುಚ್ಕೊಂಡು ದಿನ ತಳ್ತೀವಲ್ಲ, ಅದಕ್ಕೆ ಈ ಮಾತು. ಏನನ್ನ ಅನ್ನೋದು ‘ವಿತ್’ ಆದ್ಮೇಲೆ ಬತ್ತದೆ. ಬರೀರಿ.”

ಅನುಶ್ರೀ ಎಂಬ ಹುಡುಗಿ ಬರೆದಳು: ‘ವೀ ಪುಟ್ ಅಪ್ ವಿತ್ ದಿ ಲಾಕ್ಡ್ ಟಾಯ್ಲೆಟ್.’ ಬೀಗ ಹಾಕಿದ ಟಾಯ್ಲೆಟ್ಟನ್ನು ನಾವು ಸಹಿಸಿಕೊಂಡಿದ್ದೇವೆ. ಅಕ್ಷರಶಃ ನಿಜ. ಗಲೀಜು ಮಾಡುತ್ತಾರೆಂದು ಹುಡುಗಿಯರ ಟಾಯ್ಲೆಟ್ಟಿಗೆ ಬೀಗ ಜಡಿದು, ಹೆಡ್‌ಮಾಸ್ಟರು ಕೀ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಸಂಜೆವರೆಗೂ ಒಂದು ಗುಟುಕು ನೀರು ಕುಡಿಯದೆ ಕೂರುವ ಮಕ್ಕಳು! ನಾವು ಟೀಚರುಗಳು ಮಾತ್ರ ನಮ್ಮ ಟಾಯ್ಲೆಟ್ಟಿಗೆ ನಾಚಿಕೆಯಿಲ್ಲದೆ ಹೋಗಿಬರುತ್ತಿದ್ದೆವು. ಸ್ವರ್ಣಲತಾ ಆ ವಾಕ್ಯಕ್ಕೆ ದೊಡ್ಡದಾಗಿ ರೈಟು ಹಾಕಿದರು.

ತಪಾಸಣೆಗೆ ಬಂದ ಅಧಿಕಾರಿಯ ಕೈಗೆ ಅದೇ ನೋಟ್‌ಬುಕ್ ಸಿಕ್ಕಿತು. ಗಟ್ಟಿಯಾಗಿ ಓದಿದರು, ಬೀಗ ನೋಡಿದರು, ವಿವರಣೆ ಬರೆದು ಕಳಿಸಿ ಎಂದು ಹೇಳಿ ಹೊರಟರು. ಅವರ ಜೀಪು ಗೇಟು ದಾಟಿದ್ದೇ ತಡ, ಗೌರೀಶಂಕರ ಸ್ವರ್ಣಲತಾರನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ.

“ಆ ವಾಕ್ಯ ತಪ್ಪು ಅಂತ ಹೊಡೆದಾಕಮ್ಮ. ಹುಡುಗಿಗೆ ಇಂಗ್ಲಿಷ್ ಬರಕ್ಕಿಲ್ಲ, ಏನೋ ಗೀಚವ್ಳೆ ಅಂತ ಬರ್ದು ಕಳಿಸ್ತೀನಿ.”

“ವಾಕ್ಯದಲ್ಲಿ ತಪ್ಪಿಲ್ಲ ಸಾ.”

“ಜೂನು ನೆಪ್ಪೈತಾ?”

“ಐತೆ ಸಾ. ನಮ್ಮಪ್ಪನ ಔಸ್ದಿ ನೆಪ್ಪೂ ಐತೆ. ಆದ್ರೂ ಸರಿ ಇರೋದನ್ನ ತಪ್ಪು ಅನ್ನಕ್ಕಾಗಲ್ಲ. ಬೀಗ ತೆಗ್ಸಿ, ಮಕ್ಕಳು ಬ್ಯಾರೆ ವಾಕ್ಯ ಬರೀತಾರೆ.”

ಎಂಥ ಮಾತು! ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ಹೆಡ್‌ಮಾಸ್ಟರು ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದರು. ನನ್ನದು ಪರ್ಮನೆಂಟ್ ನೌಕರಿ, ಆ ಮನುಷ್ಯ ನನ್ನ ಕೂದಲೂ ಕೊಂಕಿಸಲಾರ. ಆದರೂ ಕೆಂಪು ಪೆನ್ನು ತೆಗೆದು ಗೀಟೆಳೆದುಬಿಟ್ಟೆ. ಸ್ವರ್ಣಲತಾ ನನ್ನನ್ನು ಒಮ್ಮೆ ನೋಡಿ ಕ್ಲಾಸಿಗೆ ಹೋದರು.

ಈ ಜೂನ್‌ನಲ್ಲಿ ಸಹಿ ಬೀಳಲಿಲ್ಲ. ಆಕೆಯ ಪೀರಿಯಡ್ಡುಗಳನ್ನು ನನಗೇ ಹಂಚಿದರು. ಮೊದಲ ದಿನವೇ ಅನುಶ್ರೀ ಹಳೆಯ ನೋಟ್‌ಬುಕ್ ಹಿಡಿದು ಎದ್ದು ನಿಂತಳು.

“ಇದ್ರಲ್ಲಿ ಎಲ್ಲಿ ತಪ್ಪೈತೆ ಮಿಸ್? ಹೇಳ್ಕೊಡಿ, ತಿದ್ಕತೀನಿ.”

ಇಡೀ ಕ್ಲಾಸು ಪೆನ್ನು ಹಿಡಿದು ಬರೆದುಕೊಳ್ಳಲು ಕಾದಿತ್ತು. ನಾನು ಆ ಮಗುವಿಗೆ ಕೂತ್ಕೊಳ್ಳೇ ಎಂದು ಗದರಿದೆ.