ಭಾವನ ಸಕ್ಕರೆ ಕಾಯಿಲೆ

ನಮ್ಮ ಭಾವನಿಗೆ ಸಕ್ಕರೆ ಕಾಯಿಲೆ ಬಂದ ಸುದ್ದಿ ಶಿವಮೊಗ್ಗದ ಹೊಸಮನೆ ಬಡಾವಣೆಗೆಲ್ಲ ಗೊತ್ತು. ಸುದ್ದಿ ಹಬ್ಬಿಸಿದ್ದು ಭಾವನೇ. ನಿಜವಾಗಿ ಬಂದದ್ದು ಕ್ಷಯ!

ಮಗಳ ಮದುವೆ ಗೊತ್ತಾಗಿದೆ. ಕ್ಷಯ ಎಂದು ತಿಳಿದರೆ ಬೀಗರು ಸಂಬಂಧ ಬೇಡ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಎಂದರೆ? ಅದು ಉಂಡುಟ್ಟು ಸುಖವಾಗಿರುವವರ ಕಾಯಿಲೆ, ಮರ್ಯಾದಸ್ಥರದ್ದು. ಪದೇ ಪದೇ ಇಂಜೆಕ್ಷನ್ ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. (ಹಾಲು, ತುಪ್ಪ ತಿಂದು ಮೈ ತುಂಬಿಕೊಳ್ಳಬೇಕಾದ ಮನುಷ್ಯ ನಾಲ್ಕು ಜನರೆದುರು ಹೋಳಿಗೆ ಬೇಡವೆಂದು ಒಣಗುತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.)

ಶಿವಮೊಗ್ಗದಲ್ಲಿ ಡಾಕ್ಟರಿಲ್ಲವೇ? ಇದ್ದಾರೆ. ಗುರುತಿನವರೂ ಇದ್ದಾರೆ! ಹಾಗಾಗಿ ಭದ್ರಾವತಿಗೆ ಬಸ್ಸು. ಮೊನ್ನೆ ಜೊತೆಗೆ ನಾನೂ ಹೋದೆ. ಅಲ್ಲಿನ ಆಸ್ಪತ್ರೆಯೊಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಯಾರು? ಹುಡುಗನ ಅಪ್ಪ, ಶಿವಮೊಗ್ಗದ ನಮ್ಮ ಬೀಗರು, ಬಾಯಿಗೆ ಕರ್ಚೀಫು ಹಿಡಿದು!

"ಸ್ವಲ್ಪ ಸಕ್ಕರೆ," ಎಂದರು ಬೀಗರು.

"ನಂಗೂ ಅದೇ," ಎಂದರು ಭಾವ.

"ಸ್ಟ್ರೆಪ್ಟೋಮೈಸಿನ್‌ನವರು ಇಬ್ರೂ ಬನ್ನಿ," ಎಂದು ಡಾಕ್ಟರು ಒಳಗಿನಿಂದ ಕೂಗಿದರು. ಕ್ಷಯದ ಇಂಜೆಕ್ಷನ್ ಅದು, ಊರಿಗೆಲ್ಲ ಗೊತ್ತು. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಾ ಎದ್ದರು.

ಆ ಡಾಕ್ಟರಿಗೆ ಪಾಠ ಹೇಳುವ ಚಟ. "ಈ ಔಷಧೀಲೂ ಒಂದು ಸಕ್ಕರೆ ಇದೆ ಕಣ್ರೀ, ಅಮೈನೋ ಸಕ್ಕರೆ ಅಂತ. ಕಾಫಿಗೆ ಹಾಕೋದಲ್ಲ! ಅದರ ನೆಂಟರು ನಿಮ್ಮ ಮಂಡಿ ಕೀಲಲ್ಲೂ ಇದ್ದಾರೆ, ಕೀಲು ನುಣ್ಣಗೆ ಆಡೋಕೆ. ಇಲ್ಲಿ ಕ್ರಿಮಿ ಕೊಲ್ಲೋ ಔಷಧೀಲಿ ಸೇರ್ಕೊಂಡಿದೆ. ಆದ್ರೆ ಈ ಔಷಧಿ ಕೆಲವರ ಕಿವೀನೂ ತಿನ್ನುತ್ತೆ. ಗುಂಯ್ ಅಂದ್ರೆ ತಕ್ಷಣ ಹೇಳ್ಬೇಕು. ಹೋದ ಕಿವಿ ವಾಪಸ್ ಬರಲ್ಲ. ಗುಂಯ್ ಅನ್ನುತ್ತಾ?"

ಭಾವ ಬೀಗರನ್ನು ನೋಡಿದರು. ಬೀಗರು ಭಾವನನ್ನು ನೋಡಿದರು.

"ಏನೂ ಇಲ್ಲ," ಎಂದರು ಇಬ್ಬರೂ.

ವಾಪಸ್ ಬಸ್ಸಿನಲ್ಲಿ ಬೀಗರು ಮುಂದಿನ ಸೀಟು, ನಾವು ಹಿಂದೆ. ಭಾವನಿಗೆ ಖುಷಿಯೋ ಖುಷಿ. "ನೋಡಿದ್ಯಾ ಮಾರಾಯ, ಔಷಧೀಲೇ ಸಕ್ಕರೆ ಇದೆಯಂತೆ. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ!"

"ಭಾವ, ಕಿವಿ ಸರಿ ಇದ್ಯಾ?" ಎಂದು ಮೆಲ್ಲಗೆ ಕೇಳಿದೆ.

"ಏನಂದೆ?"

ಮತ್ತೆ ಕೇಳಿದೆ.

"ಆಂ?"

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಮಾನ ಉಳಿಸಿಕೊಳ್ಳಲು ಮನುಷ್ಯ ಕಿವಿ ಕಳೆದುಕೊಳ್ಳಬೇಕೇ?

"ಕ್ಷಯದ ಇಂಜೆಕ್ಷನ್ನಿಗೆ ನಿಮ್ಮ ಕಿವಿ ಹೋಗ್ತಾ ಇದೆ! ನಾಳೆ ನಾನೇ ಡಾಕ್ಟರಿಗೆ ಹೇಳ್ತೀನಿ!" ಎಂದು ಕಿರುಚಿದೆ.

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು, ಮುಂದಿನ ಸೀಟಿನ ಬೀಗರೊಬ್ಬರನ್ನು ಬಿಟ್ಟು.